ಅತ್ತೆಗೆ ಐವತ್ತೊಂದನೆಯದು

ಅತ್ತೆಯ ಬಾಯಿ ಬಿದ್ದುಹೋದದ್ದು ಒಂದು ಸೋಮವಾರ ಬೆಳಗ್ಗೆ. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು. ಬುದ್ಧಿ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. ರೆಪ್ಪೆ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ಹನ್ನೊಂದು ವರ್ಷ ಆ ಬಾಯಿಯ ಕೆಳಗೆ ಬಾಳಿದ ಸೊಸೆಗೆ ಮನೆಯಲ್ಲಿ ಇಷ್ಟೊಂದು ನಿಶ್ಶಬ್ದ ಇರಬಹುದೆಂದೇ ಗೊತ್ತಿರಲಿಲ್ಲ.

ಅತ್ತೆ ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ವಾರ್ಡಿನಲ್ಲಿ ಎಲ್ಲರಿಗೂ ದೊಡ್ಡ ಸಿಸ್ಟರ್. ಡಾಕ್ಟರು ಕೈಚೆಲ್ಲಿದ ಮೇಲೂ ಇವರು ಕೈಚೆಲ್ಲುತ್ತಿರಲಿಲ್ಲ. ಏಪ್ರನ್ ಜೇಬಿನಿಂದ ಬೈಬಲಿನ ಕೀರ್ತನೆಗಳ ಪುಸ್ತಕ ತೆಗೆದು, ಮದ್ದು ಕೊಟ್ಟ ಹಾಗೆ, ಈ ಮಂಚಕ್ಕೆ ಇದು, ಆ ಮಂಚಕ್ಕೆ ಅದು ಎಂದು ಓದುತ್ತಿದ್ದರು. ಪ್ರಾರ್ಥಿಸಲು ಮಾತು ಸಿಗದವರು ಆ ಮಾತುಗಳನ್ನೇ ಹಿಡಿದುಕೊಂಡು ಪ್ರಾರ್ಥಿಸುತ್ತಿದ್ದರು. ಪುಣ್ಯಾತ್ಗಿತ್ತಿ! ಮನೆಗೆ ಹೊರಡುವಾಗ ಏಪ್ರನ್ ಜೊತೆ ಕರುಣೆಯನ್ನೂ ಅಲ್ಲೇ ಮೊಳೆಗೆ ನೇತುಹಾಕಿ ಬರುತ್ತಿದ್ದರೋ ಏನೋ.

ಸೊಸೆ ಹೊಲಿಗೆಯವಳು. ಮದುವೆಯಾದ ಎರಡನೆಯ ವರ್ಷ ಅವಳಿಗೆ ಹುಟ್ಟಿದ ಮಗು ಅಳಲೇ ಇಲ್ಲ. ಅದಕ್ಕೆಂದು ಹೊಲಿದಿಟ್ಟ ಆರು ಅಂಗಿಗಳ ಮಡಿಕೆ ಬಿಚ್ಚಿರಲಿಲ್ಲ, ಅಷ್ಟರಲ್ಲಿ ಅತ್ತೆ ಐವತ್ತೊಂದನೆಯ ಕೀರ್ತನೆ ತೆರೆದು ಅವಳ ಕೈಗಿತ್ತರು. ಪಾಪ ಮಾಡಿದವನು ನನ್ನನ್ನು ತೊಳೆ, ತೊಳೆ ಎಂದು ಬೇಡಿಕೊಳ್ಳುವ ಕೀರ್ತನೆ ಅದು.

"ಸುಮ್ಸುಮ್ನೆ ಸಾಯಲ್ಲ ಕೂಸು. ಏನು ಮಾಡಿದ್ದೀಯೋ ನಿನಗೇ ಗೊತ್ತು. ನಲವತ್ತು ದಿನ ಮೊಣಕಾಲೂರಿ ಓದು."

ಹಸಿ ಬಾಣಂತಿ ತಣ್ಣನೆಯ ನೆಲದ ಮೇಲೆ ಓದಿದಳು. ನಲವತ್ತನೆಯ ಬೆಳಗ್ಗೆ ಅತ್ತೆ, "ಮನಸ್ಸಿಟ್ಟು ಓದ್ಲಿಲ್ಲ ನೀನು. ಇನ್ನೊಂದು ನಲವತ್ತು" ಎಂದರು. ಗಂಡ ಪೇಪರಿನಿಂದ ತಲೆ ಎತ್ತದೆ, "ಓದಿಬಿಡು, ನಿನ್ನ ಗಂಟೇನು ಹೋಗುತ್ತೆ?" ಎಂದ.

ಈಗ ಅದೇ ಗಂಡ, "ಅಮ್ಮನಿಗೆ ದಿನಾ ಒಂದು ಕೀರ್ತನೆ ಓದು" ಎಂದು ಹೇಳಿ ಕೆಲಸಕ್ಕೆ ಹೋದ. ಆಣೆ ಮಾಡಿ ಹೇಳಬಹುದು, ಅವಳು ಒಳ್ಳೆಯ ಮನಸ್ಸಿನಿಂದಲೇ ಪುಸ್ತಕ ಎತ್ತಿಕೊಂಡಳು. ರಟ್ಟಿನ ಒಳಬದಿಯಲ್ಲಿ ಅತ್ತೆಯ ದುಂಡಗಿನ ಅಕ್ಷರದ ಪಟ್ಟಿಯಿತ್ತು. ಭಯಕ್ಕೆ ತೊಂಬತ್ತೊಂದು. ನಿದ್ದೆ ಬಾರದವರಿಗೆ ನಾಲ್ಕು. ಕೊನೆಗಾಲಕ್ಕೆ ಇಪ್ಪತ್ತಮೂರು. ಅದರ ಕೆಳಗೆ: ಮಗು ಕಳೆದುಕೊಂಡ ತಾಯಿಗೆ ಮೂವತ್ತನಾಲ್ಕು. ಶಾಯಿ ಹಳೆಯದು, ಅವಳು ಆ ಮನೆಗೆ ಕಾಲಿಟ್ಟದ್ದಕ್ಕಿಂತ ಹಳೆಯದು.

ಮೂವತ್ತನಾಲ್ಕನ್ನು ತೆರೆದಳು. ಮನಸ್ಸು ಮುರಿದವರ ಪಕ್ಕದಲ್ಲೇ ದೇವರಿದ್ದಾನೆ ಎನ್ನುವ ಮಾತಿಗೆ ಅತ್ತೆ ಗೀಟು ಎಳೆದಿದ್ದರು. ಅಂದರೆ ಗೊತ್ತಿತ್ತು! ಕಂಡವರ ಮಕ್ಕಳು ಸತ್ತರೆ ಈ ಮಾತು, ನನ್ನ ಮಗು ಸತ್ತರೆ ಆ ಮಾತು. ಪುಸ್ತಕ ಹಿಡಿದು ಮಂಚದ ಪಕ್ಕ ಕೂತಳು.

"ಯಾವುದು ಓದ್ಲಿ ಅತ್ತೆ? ಇಪ್ಪತ್ತಮೂರಾ?"

ರೆಪ್ಪೆ ಆಸೆಯಿಂದ ಒಂದು ಸಲ ಬಡಿಯಿತು.

"ಓದೋಣ. ಮೊದಲು ನಲವತ್ತು ದಿನ ಐವತ್ತೊಂದು. ಆಮೇಲೆ ನೀವು ಕೇಳಿದ್ದು."

ರೆಪ್ಪೆ ಎರಡು ಸಲ ಬಡಿಯಿತು. ಮತ್ತೆ ಎರಡು ಸಲ. "ಕಣ್ಣಿಗೆ ಧೂಳು ಬಿತ್ತಾ?" ಎಂದು ಒರೆಸಿ ಓದತೊಡಗಿದಳು. ಮುಗಿದ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ, ಅತ್ತೆಗೆ ಕಾಣುವ ಹಾಗೆ, ಗೋಡೆಯ ಮೇಲೆ ಒಂದು ಗೀಟು ಎಳೆದಳು.

ಇಪ್ಪತ್ತು ಗೀಟಾದಾಗ ಪಾದ್ರಿ ನೋಡಲು ಬಂದರು. "ಯಾವ ಕೀರ್ತನೆ ಇಷ್ಟ ಸಿಸ್ಟರ್‌ಗೆ?"

"ಐವತ್ತೊಂದು. ಬೇರೇದು ಬೇಡವೇ ಬೇಡ ಇವರಿಗೆ."

ರೆಪ್ಪೆಗಳು ಪಟಪಟ ಬಡಿದವು. "ನೋಡಿ, ಅದರ ಹೆಸರೆತ್ತಿದ್ರೆ ಸಾಕು, ಎಷ್ಟು ಖುಷಿ!" ಎಂದಳು. ಪಾದ್ರಿಯ ಕಣ್ಣು ತುಂಬಿತು. "ಇಂಥ ಸೊಸೆ ಎಲ್ಲರಿಗೂ ಸಿಗಲ್ಲಮ್ಮ."

ದಿನ ಕಳೆದಂತೆ ಅತ್ತೆ ಸವೆದರು. ಗಂಜಿ ಇಳಿಯಲಿಲ್ಲ. ನೂರಾರು ಜನರನ್ನು ಆಚೆ ದಡಕ್ಕೆ ದಾಟಿಸಿದ ಹೆಂಗಸು, ತನ್ನ ಹೊತ್ತು ಹತ್ತಿರ ಬಂದದ್ದು ಅವರಿಗೆ ತಿಳಿಯದೇ? ಆದರೂ ಗೀಟುಗಳನ್ನು ನೋಡುತ್ತ ಜೀವ ಬಿಗಿಹಿಡಿದಿದ್ದರು. ನಲವತ್ತನೆಯ ಬೆಳಗ್ಗೆ ಸೊಸೆ ಕೊನೆಯ ಗೀಟು ಎಳೆದು, ಪುಟ ತಿರುವಿ, ಇಪ್ಪತ್ತಮೂರಕ್ಕೆ ತಂದು ನಿಲ್ಲಿಸಿದಳು. ಅತ್ತೆಯ ತುಟಿಯ ಎಡತುದಿ ನಡುಗಿತು.

ಸೊಸೆ ಪುಸ್ತಕ ಮುಚ್ಚಿದಳು.

"ಮನಸ್ಸಿಟ್ಟು ಕೇಳ್ಲಿಲ್ಲ ನೀವು. ಇನ್ನೊಂದು ನಲವತ್ತು."

ಅತ್ತೆ ಕಣ್ಣು ಮುಚ್ಚಿಕೊಂಡರು. ಅವಳು ಓದಲು ಬಂದಾಗಲೆಲ್ಲ ಮುಚ್ಚಿಯೇ ಇದ್ದರು. ನಲವತ್ತನಾಲ್ಕನೆಯ ಗೀಟು ಎಳೆದು ತಿರುಗಿದಾಗ ಉಸಿರಿರಲಿಲ್ಲ.

ಸಮಾಧಿಯ ಬಳಿ ಪಾದ್ರಿ ಹೇಳಿದರು: "ಎಲ್ಲರಿಗೂ ಇಲ್ಲಿ ಇಪ್ಪತ್ತಮೂರು ಓದ್ತೀವಿ. ದೊಡ್ಡ ಸಿಸ್ಟರ್‌ಗೆ ಇಷ್ಟವಾದದ್ದೇ ಬೇರೆ." ಐವತ್ತೊಂದನ್ನು ಪೂರ್ತಿ ಓದಿದರು. ಸೊಸೆ ಕರವಸ್ತ್ರ ಬಾಯಿಗೊತ್ತಿಕೊಂಡು ನಗು ತಡೆದಳು. ಜನ ಅಳು ಎಂದುಕೊಂಡರು.

ಎಲ್ಲರೂ ಹೋದ ಮೇಲೆ ಖಾಲಿ ಮಂಚದ ಪಕ್ಕ ಮೊಣಕಾಲೂರಿದಳು. ಇನ್ನಾದರೂ ನನ್ನ ಪಾಲಿನದು ನನಗೆ ಸಿಗಲಿ ಎಂದು ಮೂವತ್ತನಾಲ್ಕನ್ನು ತೆರೆದು, ಗೀಟು ಎಳೆದ ಮಾತನ್ನು ಎರಡು ಸಲ ಓದಿಕೊಂಡು, ಪ್ರಾರ್ಥಿಸಲು ಕಣ್ಣು ಮುಚ್ಚಿದಳು. ಬಾಯಿ ತೆರೆದರೆ ಬಂದದ್ದು ತೊಳೆ, ತೊಳೆ ಎನ್ನುವುದೇ. ಮತ್ತೆ ಓದಿಕೊಂಡಳು, ಮತ್ತೆ ಕಣ್ಣು ಮುಚ್ಚಿದಳು. ಆಗಲೂ ಅದೇ ಬಂತು. ಏನು ಮಾಡಿದ್ದೀಯ ಎಂದು ಈ ಸಲ ಯಾರೂ ಕೇಳಬೇಕಾಗಿರಲಿಲ್ಲ.