ಅನುಭವ: ಸೊನ್ನೆ

"ಏ ಡಿಗ್ರಿ, ಮಿಷಿನ್ನೂ ನಿನ್ನ ಉಗಿದು ಕಳಿಸ್ತಂತಲ್ಲ? ತಗೊ ಬುಟ್ಟಿ, ಹತ್ತು ಮೇಲಕ್ಕೆ."

ಸೂಪರ್‌ವೈಸರ್ ಸತೀಶ್‌ಕುಮಾರ್ ಇದನ್ನು ನಲವತ್ತು ಹೆಂಗಸರ ಎದುರು ಹೇಳಿದರು. ನಾನು ಬುಟ್ಟಿ ತೆಗೆದುಕೊಂಡು ಗುಡ್ಡ ಹತ್ತಿದೆ. ಎದುರು ಮಾತಾಡುವವಳಲ್ಲ ನಾನು. ಆಡಬೇಕಾದದ್ದನ್ನು ಮನೆಗೆ ಹೋಗಿ ಡೈರಿಯಲ್ಲಿ ಬರೆಯುತ್ತೇನೆ.

ನಡುವಟ್ಟಂ ಕೆಳಗಿನ ನಮ್ಮ ಟೀ ಎಸ್ಟೇಟಿನ ಆಫೀಸಿನಲ್ಲಿ ಫೀಲ್ಡ್ ಅಸಿಸ್ಟೆಂಟ್ ಕೆಲಸ ಖಾಲಿಯಿತ್ತು. ಅರ್ಜಿ ಫೋನಿನಲ್ಲೇ ಹಾಕಬೇಕು. ಮೊದಲು ಓದುವುದು ಮನುಷ್ಯರಲ್ಲ, ಕಂಪ್ಯೂಟರ್ ಮಿಷಿನ್. 'ಬಿ.ಕಾಂ. ಮುಗಿಸಿದ್ದೇನೆ, ನಾಲ್ಕು ವರ್ಷದಿಂದ ಇಲ್ಲೇ ಎಲೆ ಕೊಯ್ಯುತ್ತಿದ್ದೇನೆ' ಎಂದು ಬರೆದಿದ್ದೆ. ಎರಡು ನಿಮಿಷದಲ್ಲಿ ತಿರಸ್ಕಾರ ಬಂತು. ವಿಷಾದವನ್ನೂ ತಿಳಿಸಿತ್ತು.

ಭಾನುವಾರ ಗೂಡಲೂರಿನ ಬ್ರೌಸಿಂಗ್ ಸೆಂಟರಿಗೆ ಹೋದೆ. ಅದನ್ನು ನಡೆಸುವ ಅಭಿನಯಾ ನನ್ನ ಜೊತೆ ಓದಿದವಳು.

"ಮಿಷಿನ್‌ಗೆ ಎಲೆ ಗೊತ್ತಿಲ್ಲ ಕಣೆ. ಜಾಹೀರಾತಲ್ಲಿ ಹಾಕಿರೋ ಪದ ನಿನ್ನ ರೆಸ್ಯೂಮ್‌ನಲ್ಲಿ ಇದ್ಯಾ ಅಂತ ಹುಡುಕುತ್ತೆ. ಇಲ್ಲಾಂದ್ರೆ ಮನುಷ್ಯರ ಕೈಗೇ ಕೊಡಲ್ಲ. ದಿನಾ ಏನ್ಮಾಡ್ತೀಯ, ಹೇಳು."

ಬಲಿತ ಎಲೆ ಆರಿಸಿ ಎಸೆಯುತ್ತೇನೆ ಎಂದೆ. 'ಕ್ವಾಲಿಟಿ ಕಂಟ್ರೋಲ್' ಎಂದು ಟೈಪ್ ಮಾಡಿದಳು. ಹೊಸಬರಿಗೆ ಸಾಲು ತೋರಿಸುವುದು 'ಟೀಮ್ ಲೀಡರ್‌ಶಿಪ್'. ಗಿಡದ ಮರೆಯಲ್ಲಿ ಕಾಟಿ, ಅಂದರೆ ಕಾಡುಕೋಣ, ನಿಂತಿದ್ದರೆ ಕೂಗಿ ಎಲ್ಲರನ್ನೂ ಓಡಿಸುವುದು 'ರಿಸ್ಕ್ ಮ್ಯಾನೇಜ್‌ಮೆಂಟ್'. ಒಂದೂ ಸುಳ್ಳಿರಲಿಲ್ಲ.

ಸಂಜೆ ಅವ್ವನಿಗೆ ಓದಿ ಹೇಳಿದೆ.

"ಅಂಗಾರೆ ಮೂವತ್ತೊರ್ಸ ನಾನೂ ಅದ್ನೇ ಮಾಡ್ದೆ ಅನ್ನು," ಎಂದಳು. "ಯಾವ ಬಡ್ಡಿಮಗನೂ ಯೋಳ್ನಿಲ್ವಲ್ಲ!"

ಹೊಸ ರೆಸ್ಯೂಮ್ ಹಾಕಿದೆ. ಈ ಸಲ ಮಿಷಿನ್ ಒಪ್ಪಿತು: ಹೊಂದಿಕೆ ಶೇಕಡಾ ಎಂಬತ್ತಾರು. ಅನುಭವ ಪರಿಶೀಲಿಸಲು ಕೆಲಸಗಾರರ ನಂಬರು ಕೇಳಿತು. ದಿನಾ ಹಾಜರಿ ಬೀಳುವ ನಂಬರನ್ನೇ ಕೊಟ್ಟೆ. 'ಈ ನಂಬರು ಸಿದ್ದಾಜಮ್ಮ ಅವರದು. ನಿಮ್ಮ ಅನುಭವ: ಸೊನ್ನೆ.'

ಸಿದ್ದಾಜಮ್ಮ ನನ್ನ ಅವ್ವ. ಮಂಡಿ ಹೋಗಿ ನಾಲ್ಕು ವರ್ಷದಿಂದ ಮನೆಯಲ್ಲಿದ್ದಾಳೆ. ಎಸ್ಟೇಟು ಹೊಸಬರನ್ನು ಕಾಯಂ ಮಾಡಿಕೊಳ್ಳುವುದಿಲ್ಲ. ನಂಬರು ಹೋದರೆ ಎಸ್ಟೇಟು ಕೊಟ್ಟಿರುವ ಲೈನ್ ಮನೆಯೂ ಹೋಗುತ್ತದೆ. ಅದಕ್ಕೆ ಸತೀಶ್‌ಕುಮಾರ್ ಅವರೇ ಹೇಳಿಕೊಟ್ಟ ಉಪಾಯ: ಹಾಜರಿಯಲ್ಲಿ ಅವ್ವನ ಹೆಸರು ಕರೆದರೆ ನಾನು 'ಬಂದೆ' ಎನ್ನುವುದು. ಹೀಗೆ ಅವ್ವಂದಿರ, ಅತ್ತೆಯರ ಹೆಸರಿನಲ್ಲಿ ಕೊಯ್ಯುವವರು ನಾವು ಹನ್ನೊಂದು ಜನ.

ನಾಲ್ಕು ವರ್ಷ ಕೆಲಸ ಮಾಡಿದ್ದೇನೆಂದು ಒಂದು ಕಾಗದ ಬರೆದುಕೊಡಿ ಎಂದು ಸತೀಶ್‌ಕುಮಾರ್ ಅವರನ್ನೇ ಕೇಳಿದೆ.

"ಯಾರಿಗೆ ಬರೀಲಿ? ಸುಧಾ ಅಂತ ಒಬ್ಳು ಈ ತೋಟದಲ್ಲಿ ಇಲ್ಲವೇ ಇಲ್ಲ. ಜಾಸ್ತಿ ಬಾಯಿ ಬಿಟ್ರೆ ನಿಮ್ಮವ್ವನ ನಂಬರೂ ಇರಲ್ಲ, ಮನೇನೂ ಇರಲ್ಲ. ಪೋ, ಪೋ."

ಅವ್ವನಿಗೆ ಇದನ್ನೂ ಹೇಳಿದೆ. ಅಟ್ಟದ ಮೇಲಿದ್ದ ತನ್ನ ಹಳೇ ಬುಟ್ಟಿ ಇಳಿಸು ಅಂದಳು. ಇಳಿಸಿದೆ.

ಬೆಳಿಗ್ಗೆ ಮಂಜಿನಲ್ಲಿ ಹಾಜರಿ.

"ಸಿದ್ದಾಜಮ್ಮ!"

ನಾನು 'ಬಂದೆ' ಅನ್ನಲಿಲ್ಲ.

"ಏಯ್ ಮುಂಡೇದೆ! ಕಿವಿಗೆ ಎಲೆ ತುರುಕ್ಕೊಂಡಿದ್ದೀಯಾ?"

"ಬಂದಿವ್ನಿ ಕನಪ್ಪ, ಒಸಿ ಮೆಲ್ಲುಕೆ ಕೂಗು."

ಕೋಲೂರಿಕೊಂಡು, ಬುಟ್ಟಿ ಹೊತ್ತುಕೊಂಡು ಅವ್ವ ನನ್ನ ಪಕ್ಕ ಬಂದು ನಿಂತಳು. "ಸಿದ್ದಾಜಮ್ಮ ನಾನು. ನನ್ನೆಲೆ ನಾನೇ ಕುಯ್ತೀನಿ. ಇವ್ಳ್ಯಾರು ಅಂತ ಕೇಳು."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗುಡ್ಡ ಹತ್ತಲು ಯಾರೂ ಕದಲಲಿಲ್ಲ.

ಸತೀಶ್‌ಕುಮಾರ್ ಪೆನ್ನು ಹಿಡಿದು ನನ್ನನ್ನು ನೋಡಿದರು. "ಯಾರಿವಳು?"

ಹೆಸರು ಹೇಳಿದೆ. ಕೇಳಿಸಲಿಲ್ಲ ಅಂದರು. ಮತ್ತೆ ಹೇಳಿದೆ. ಪೆನ್ನು ಕಾಗದ ಮುಟ್ಟಲಿಲ್ಲ. ಅವ್ವ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಮೂರನೇ ಸಲ ಹೇಳಿದೆ.