ಮಡಿಯಲ್ಲಿ ಮುಟ್ಟಲಾಗದ ಮೌಸ್

ತಿ. ನರಸೀಪುರದಿಂದ ವಿಭಾ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು ಅಂಗೈಯಗಲದ ಒಂದು ಎಲೆಕ್ಟ್ರಾನಿಕ್ ಬೋರ್ಡು. ನಂಜನಗೂಡಿನ ತವರಿನಲ್ಲಿ ಅದನ್ನು ಹಪ್ಪಳದ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ, ಹಳೆಯ ಟೀವಿಗೆ ಜೋಡಿಸಿದಾಗ ಅಪ್ಪ ಅಮ್ಮನಿಗೊಂದು ಕಂಪ್ಯೂಟರ್ ಆಯಿತು. ಕಣ್ಣು ಮಂಜಾದ ಅಪ್ಪ ರಘೂತ್ತಮಾಚಾರ್, ಸಾಲು ತಪ್ಪುತ್ತದೆಂದು ಪೂಜೆಯನ್ನೇ ಬಿಟ್ಟುಬಿಡುವ ಮಾತಾಡುತ್ತಿದ್ದರು. ಅಜ್ಜನ ಪೂಜಾಪುಸ್ತಕವನ್ನೆಲ್ಲ ಅವಳು ದಪ್ಪ ಅಕ್ಷರಗಳಲ್ಲಿ ಟೈಪ್ ಮಾಡಿ ಅದರೊಳಗೆ ತುಂಬಿದ್ದಳು. ಸಂಜೆಯೆಲ್ಲ ಅಪ್ಪ ಮೌಸ್ ಹಿಡಿದು ಪುಟ ತಿರುಗಿಸುವುದನ್ನು ಕಲಿತರು.

ಬೆಳಿಗ್ಗೆ ಮಡಿ ಪಂಚೆಯುಟ್ಟು ದೇವರ ಮುಂದೆ ಕೂತು, ಟೀವಿಯಲ್ಲಿ ಮೂಡಿದ ಮೊದಲ ಪುಟವನ್ನು ತಡವರಿಸದೆ ಓದಿದರು. ಮೌಸಿನತ್ತ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆಳೆದುಕೊಂಡರು.

"ಮಡೀಲಿದ್ದೀನಲ್ಲೇ ವಿಭಾ, ಇದನ್ನ ಹ್ಯಾಗೆ ಮುಟ್ಟಲಿ?"

ಇದೇ ಮನೆಯಲ್ಲಿ ಬೆಳೆದವಳಿಗೆ ಅದು ಹೊಳೆದೇ ಇರಲಿಲ್ಲ.

ನೆಗಡಿಯೆಂದು ಇನ್ನೂ ಸ್ನಾನ ಮಾಡದಿದ್ದ ಅಮ್ಮ ಹಂಸಾ, ಹುರುಳಿಕಾಯಿ ಸೋಸುವುದನ್ನು ಬಿಟ್ಟು ಬಂದು, ಮೌಸನ್ನು ತನ್ನತ್ತ ಎಳೆದುಕೊಂಡು ದೂರದಲ್ಲಿ ಸ್ಟೂಲ್ ಹಾಕಿಕೊಂಡರು. "ನಾನು ಹ್ಯಾಗೂ ಮೈಲಿಗೆ. ತಿರುಗಿಸ್ತೀನಿ, ಓದಿ."

"ನಿಧಾನ ಕಣೇ, ಬಸ್ಸು ಹಿಡಿಯೋ ಹಾಗೆ ಓಡಿಸ್ತೀಯಲ್ಲ!"

"ಮೂರನೇ ಸಾಲು ಹಾರಿಸಿದ್ರಿ. ಮತ್ತೆ ಹೇಳಿ."

"ಇಷ್ಟು ವರ್ಷ ಒಂದಿನಾನೂ ಹೇಳಲಿಲ್ಲ ನೀನು?"

"ಅಡುಗೆಮನೇಗೆ ಸಾಲು ಕಾಣಿಸ್ತಿತ್ತೇನು?"

ಅಪ್ಪ ಮೂರನೇ ಸಾಲನ್ನು ಮತ್ತೆ ಓದಿದರು.

ಪುಟಗಳು ತಾವಾಗಿಯೇ ಸರಿಯುವಂತೆ ಮಾಡುವುದು ವಿಭಾಳಿಗೆ ಹತ್ತು ನಿಮಿಷದ ಕೆಲಸ. ಆದರೆ ಅವಳು ಒಳಗೆ ಹೋಗಿ, ಅಮ್ಮ ಬಿಟ್ಟುಬಂದಿದ್ದ ಹುರುಳಿಕಾಯಿ ಸೋಸಲು ಕೂತಳು.