ಹಲ್ಲಕ್ಕನ ಒತ್ತಕ್ಷರ

ಹೆಂಡತಿಯ ಗದ್ದವನ್ನು ಎಡಗೈಯಲ್ಲಿ ಹಿಡಿದು, ಮೇಲಿನ ಸಾಲಿನ ಹಲ್ಲುಸೆಟ್ಟನ್ನು ಅವನು ಮೆಲ್ಲಗೆ ಒಳಗೆ ಸರಿಸುತ್ತಿದ್ದ. ಶವಾಗಾರದ ನೌಕರ ನೆರವಿಗೆ ಬಂದಾಗ, "ಬೇಡಪ್ಪ, ಬೇರೆಯವರ ಕೈ ಅವಳಿಗೆ ಒಗ್ಗಲ್ಲ" ಎಂದು ತಡೆದಿದ್ದ. ಸೆಟ್ಟು ಕೂತಿತು. ಒಳಗೆ ಬಿದ್ದಿದ್ದ ಕೆನ್ನೆ ತುಸು ತುಂಬಿಕೊಂಡಿತು.

"ಈಗ ಅಮ್ಮನ ಹಾಗೆ ಕಾಣ್ತಾಳೆ," ಎಂದಳು ಮಗಳು.

ಹೊರಗಿನ ಹಜಾರದಲ್ಲಿ ಬೀದಿಯ ಜನ ಕೂತಿದ್ದರು. ಅರ್ಧ ಜನರ ಬಾಯಲ್ಲಿ ಅವಳದೇ ಕೈಕೆಲಸ. ಕಟ್ಟುಹಲ್ಲು ಮಾಡುವ ಅವಳನ್ನು ಊರು ಹಲ್ಲಕ್ಕ ಎನ್ನುತ್ತಿತ್ತು. ಹಡಗಿನಲ್ಲಿ ದುಡಿದು ಬಂದ ಅವಳ ಗಂಡನನ್ನು ಹಡಗಣ್ಣ.

"ಅಳತೆ ಕೊಡುವಾಗ ಬಾಯಿ ಮುಚ್ಕೊಂಡಿರಿ ಅಂತ ಬೈತಿದ್ಲು," ಎಂದ ಬೇಕರಿಯವನು. "ಬಾಯಿ ಮುಚ್ಕೊಂಡು ಹಲ್ಲಿನ ಅಳತೆ ಹೇಗಮ್ಮ ಕೊಡ್ಲಿ ಅಂದೆ. ಅವತ್ತು ನಕ್ಕಿದ್ದು ನೋಡ್ಬೇಕಿತ್ತು."

ಜನ ನಗಲು ಹೋಗಿ ತಡೆದುಕೊಂಡರು.

*

ಮೂವತ್ತು ವರ್ಷದ ಹಿಂದೆ ಅವನೂ ಗಿರಾಕಿಯಾಗಿಯೇ ಬಂದವನು. ಹಡಗಿನ ಏಣಿಯಿಂದ ಬಿದ್ದು ಮುಂದಿನ ಹಲ್ಲು ನಾಲ್ಕು ಹೋಗಿದ್ದವು. ಹೊಸ ಹಲ್ಲು ಕೂರಿಸಿದ ಮೇಲೆ ಅವಳು, "ಒಂದರಿಂದ ಹತ್ತು ಎಣಿಸಿ. ನಿಮ್ಮ ಮನೆ ಭಾಷೇಲೇ ಎಣಿಸಿ. ಹಲ್ಲು ಹೊಂದಬೇಕಾದ್ದು ಅದಕ್ಕೆ," ಎಂದಳು.

ಅವನು ಸ್ವೀಡಿಷಿನಲ್ಲಿ ಎಣಿಸಿದ. ಏಳಕ್ಕೆ ಬಂದಾಗ ಅವಳು ಕೈಯೆತ್ತಿ ನಿಲ್ಲಿಸಿದಳು. ಹಕಾರವಲ್ಲ, ಖಕಾರವಲ್ಲ, ಗಂಟಲಿಗೆ ಬಿಸಿಯುಸಿರು ಉಜ್ಜಿದಂಥ ಸದ್ದು.

"ಇನ್ನೊಂದ್ಸಲ ಹೇಳಿ."

ಹೇಳಿದ.

"ನಮ್ಮ ಅಸ್ಸಾಮಿಯಲ್ಲೂ ಏಳು ಅನ್ನೋದು ಹೆಚ್ಚುಕಮ್ಮಿ ಅಲ್ಲಿಂದಲೇ ಹೊರಡೋದು," ಎಂದು ತಾನೂ ಹೇಳಿ ತೋರಿಸಿದಳು. "ಈ ಊರಲ್ಲಿ ಇದನ್ನ ಯಾರ ಬಾಯಲ್ಲೂ ಕೇಳಿರ್ಲಿಲ್ಲ."

ಹಲ್ಲು ಚೆನ್ನಾಗಿಯೇ ಕೂತಿತ್ತು. ಆದರೂ ಅವನು ಒತ್ತುತ್ತದೆ, ಸಡಿಲವಾಗಿದೆ ಎಂದು ನೆವ ಹೇಳಿ ಮತ್ತೆ ಮತ್ತೆ ಬಂದ. ಆಮೇಲೆ ಹಡಗಿಗೆ ಹೋಗಲೇ ಇಲ್ಲ.

ಮನೆಯಲ್ಲಿ ಊರ ಭಾಷೆಯನ್ನೇ ಆಡಿದರು. ಮಗಳಿಗೂ ಅದೇ ಬಂತು. ಉಳಿದ ಎರಡು ಭಾಷೆ ಊಟದ ಮೇಜಿನ ಆಟವಾದವು. ಅಸ್ಸಾಮಿಯಲ್ಲಿ ತಕಾರಕ್ಕೂ ಟಕಾರಕ್ಕೂ ಬೇರೆ ಬೇರೆ ಅಕ್ಷರವಿದ್ದು ಉಚ್ಚಾರ ಒಂದೇ. ಸ್ವೀಡಿಷಿನಲ್ಲಿ ಟಕಾರಕ್ಕೆಂದು ಅಕ್ಷರವೇ ಇಲ್ಲ, ಆದರೆ ರಕಾರದ ಬೆನ್ನಿಗೆ ತಕಾರ ಬಂದರೆ ಅದು ತಾನಾಗಿ ಹುಟ್ಟುತ್ತದೆ. "ನೀವು ಕಳ್ಕೊಂಡಿದ್ದು ನಮಗೆ ಸಿಕ್ಕಿದೆ," ಎನ್ನುತ್ತಿದ್ದ ಅವನು. ಸ್ವೀಡಿಷಿನಲ್ಲಿ 'ತಕ್ಕ್' ಎಂದರೆ ಧನ್ಯವಾದ. ಒತ್ತು ಬಿಟ್ಟು 'ತಾಕ್' ಎಂದು ಎಳೆದರೆ ಛಾವಣಿ. ಅವಳು ಉಂಡೆದ್ದು ಬೇಕೆಂದೇ 'ತಾಕ್' ಎನ್ನುವಳು. "ಮತ್ತೆ ಛಾವಣಿ ಕೊಟ್ಲು," ಎಂದು ಅವನು ತಲೆ ಚಚ್ಚಿಕೊಳ್ಳುವನು.

ಹೀಗೆ ನೂರಾರು ಮಾತನ್ನು ಅಕ್ಕಪಕ್ಕ ಇಟ್ಟು ನೋಡಿದರು. ಒಬ್ಬರ ಭಾಷೆಯಲ್ಲಿ ಒಬ್ಬರು ಒಂದು ಸಂಜೆಯೂ ಮಾತಾಡಲಿಲ್ಲ.

*

ಹೋದ ಚಳಿಗಾಲದಲ್ಲಿ ಅವಳಿಗೆ ಪಾರ್ಶ್ವವಾಯು ಬಡಿಯಿತು. ಎದ್ದು ಕೂತಾಗ ಊರ ಭಾಷೆ ಒರೆಸಿ ಹಾಕಿದಂತೆ ಹೋಗಿತ್ತು. ಉಳಿದದ್ದು ಅಸ್ಸಾಮಿಯ ಒಂದಷ್ಟು ಮಾತು. ಗಂಡನನ್ನು ಯಾರೋ ಎಂಬಂತೆ ನೋಡುತ್ತಿದ್ದಳು. ತವರೂರಿನಿಂದ ತಂಗಿ ಫೋನು ಮಾಡಿದರೆ ಫೋನನ್ನೇ ನೋಡುತ್ತ ಸುಮ್ಮನಿರುತ್ತಿದ್ದಳು.

ಸಂಜೆಯಾದರೆ ಮಾತ್ರ ಬಾಗಿಲ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳುವಳು. ಅದರಲ್ಲಿ 'ದೇಉತಾ' ಎಂಬ ಮಾತು ಅವನಿಗೆ ಗೊತ್ತಿತ್ತು: ಅಪ್ಪ. ಮಗಳು ಎಂದೋ ತೀರಿಹೋದ ತಾತನ ಫೋಟೊ ತಂದು ತಲೆದೆಸೆಯಲ್ಲಿಟ್ಟಳು. ಹಲ್ಲಕ್ಕ ಅದನ್ನು ಮಗುಚಿ ಹಾಕಿದಳು.

ಕೊನೆಗೆ ಅವನು ತನಗೆ ಬರುವ ಎರಡು ಮಾತು ಜೋಡಿಸಿದ. "ದೇಉತಾ ನಾಇ," ಎಂದ. ಅಪ್ಪ ಇಲ್ಲ. ತಿಳಿಯಲೆಂದು ಕೈಯನ್ನು ಮೇಲಕ್ಕೆ ತೋರಿಸಿದ. ಅವಳು ಗೋಡೆಯ ಕಡೆ ತಿರುಗಿ ಅತ್ತಳು. ಮಾರನೆಯ ಸಂಜೆ ಮರೆತು ಮತ್ತೆ ಕೇಳಿದಳು. ಅವನು ಮತ್ತೆ ಹೇಳಿದ.

*

ಬೆಳಿಗ್ಗೆಯಷ್ಟೇ ಬಂದಿಳಿದ ನಾದಿನಿ ಪೆಟ್ಟಿಗೆಯ ಪಕ್ಕ ನಿಂತು ಅಕ್ಕನ ಕೂದಲು ಸರಿಮಾಡುತ್ತಿದ್ದಳು. ಮದುವೆಗೆ ಮುಂಚೆ ಅಕ್ಕನ ಜೊತೆ ಈ ಊರಲ್ಲೇ ಇದ್ದು ಊರ ಮಾತು ಕಲಿತವಳು ಅವಳು.

"ಕಡೇವರೆಗೂ ನಿಮ್ಮಪ್ಪನ್ನೇ ನೆನೆಸ್ಕೊಂಡ್ಲು," ಎಂದ ಹಡಗಣ್ಣ.

"ಅಪ್ಪನ್ನಾ? ಅವಳಿಗೂ ಅಪ್ಪನಿಗೂ ಅಷ್ಟಕ್ಕಷ್ಟೇ, ಭಾವ. ಏನಂತ ಕೇಳ್ತಿದ್ಲು?"

ಅವನ ಕಿವಿ ಚುರುಕು. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದ: "ದೇಉತಾಕ್ಕೋತ್. ನಡುವೆ ಒಂದು ಕ ಒತ್ತಿ ಬರ್ತಿತ್ತು. ಕಾಯಿಲೆಗೆ ತೊದಲ್ತಾಳೆ ಅನ್ಕೊಂಡೆ."

ನಾದಿನಿಯ ಕೈ ಕೂದಲಲ್ಲೇ ನಿಂತಿತು.

"ಏನು?" ಎಂದ.

"ಏನಿಲ್ಲ ಬಿಡಿ ಭಾವ."

"ಹೇಳಮ್ಮ."

ಅವಳು ಕೂದಲಿಂದ ಕೈ ತೆಗೆದು ಅವನ ಕಡೆ ತಿರುಗಿದಳು. "ನಿಮ್ಮಲ್ಲಿ ಅಪ್ಪ ಅನ್ನೋದಕ್ಕೆ ಏನಂತೀರಿ?"

"ಪಾಪ್ಪ."

"ಯಾರ ಅಪ್ಪ ಆದ್ರೂ?"

"ಯಾರ ಅಪ್ಪ ಆದ್ರೂ ಅದೇ. ನನ್ನ, ಅವಳ ಅಂತ ಮುಂದೆ ಹಚ್ತೀವಿ ಅಷ್ಟೆ."

"ನಮ್ಮಲ್ಲಿ ಆ ಮಾತೇ ಬದಲಾಗತ್ತೆ. ನನ್ನಪ್ಪ ಆದ್ರೆ ದೇಉತಾ. ಅವಳಪ್ಪ ಅನ್ನೋಕೆ ಕೊನೇಲಿ ಒಂದು ಕ ಬರತ್ತೆ, ದೇಉತಾಕ್. ಕೋತ್ ಅಂದ್ರೆ ಎಲ್ಲಿ. ಎರಡು ಕ ಸೇರಿ ಒತ್ತಾಗಿದೆ. ಗಂಡನ ಹೆಸರು ಹೇಳದೆ ಮಗಳ ಅಪ್ಪ ಅಂತ ಕರೀತೀವಿ, ಭಾವ." ಅವಳ ದನಿ ಇಳಿಯಿತು. "ನಿಮ್ಮನ್ನೇ ಕೇಳ್ತಿದ್ಲು. ಅವರೆಲ್ಲಿ ಅಂತ."

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

"ನಾನು ಇಲ್ಲ ಅಂದೆ," ಎಂದ ಅವನು. "ದಿನಾ ಸಂಜೆ. ನಿನ್ನ ಗಂಡ ಸತ್ತ ಅಂತ ನಾನೇ ಅವಳಿಗೆ ಹೇಳಿದೆ. ಒಂದು ಒತ್ತು ಬಿಟ್ಟುಹೋಗಿದ್ದಕ್ಕೆ."

ಅಷ್ಟರಲ್ಲಿ ನೌಕರರಿಬ್ಬರು ಪೆಟ್ಟಿಗೆಯ ಮುಚ್ಚಳ ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರು.

"ಇಲ್ಲೇ ಇದ್ದೀನಿ ಅನ್ನೋದನ್ನ ನಿಮ್ಮ ಭಾಷೇಲಿ ಹೇಗೆ ಹೇಳೋದು?"

"ಮೊಇ ಇಯಾತೇ ಆಸೂಂ."

ಅವನು ಪೆಟ್ಟಿಗೆಯ ಅಂಚು ಹಿಡಿದು, ಹೆಂಡತಿಯ ಕಿವಿಯ ಹತ್ತಿರಕ್ಕೆ ಬಗ್ಗಿ ಹೇಳಿದ.

"ಕಡೇದನ್ನ ಮೂಗಲ್ಲಿ ಬಿಡಿ ಭಾವ. ಆಸೂಂ."

ಮತ್ತೆ ಹೇಳಿದ. ನಾದಿನಿ ತಿದ್ದಿದಳು. ಅವನು ಮತ್ತೆ ಬಗ್ಗಿದ. ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಚ್ಚಳವನ್ನು ಗೋಡೆಗೆ ಒರಗಿಸಿದರು. ಒಬ್ಬ ಹೋಗಿ ಹಜಾರದಿಂದ ಕುರ್ಚಿಯೊಂದನ್ನು ತಂದು, ಸದ್ದಾಗದಂತೆ ಅವನ ಹಿಂದೆ ಇಟ್ಟ.